ಝುಣಕದೊಳಗಿನ ಗುಳಿಗೆ

ಇವತ್ತು ಬೆಳಿಗ್ಗೆ ಚಹಾಕ್ಕೆ ಏಲಕ್ಕಿ ಜಜ್ಜುತ್ತಿದ್ದೆ. ಅಂಗೈಯಗಲದ ಕಲ್ಲಿನ ಕುಟ್ಟಾಣಿ ನಮ್ಮದು, ಮದುವೆಯಲ್ಲಿ ತವರಿನಿಂದ ಬಂದದ್ದು. ಏಲಕ್ಕಿ ಒಡೆದು ಘಮ ಏಳುತ್ತಿದ್ದಂತೆ ನನ್ನ ಕೈ ತಾನಾಗಿಯೇ ನಿಂತಿತು, ಕಣ್ಣು ಬಾಗಿಲ ಕಡೆ ಹೋಯಿತು. ಯಾರಾದರೂ ನೋಡುತ್ತಿದ್ದಾರೆಯೇ? ನೋಡಿದರೆ ನೋಡಲಿ, ಜಜ್ಜುತ್ತಿರುವುದು ಏಲಕ್ಕಿಯಲ್ಲವೇ! ಆದರೂ ಆ ಟಕಟಕ ಸದ್ದಿಗೆ ಇಂದಿಗೂ ನನ್ನೆದೆ ಕಳ್ಳಿಯ ಎದೆಯಂತೆ ಬಡಿದುಕೊಳ್ಳುತ್ತದೆ. ಆರು ವರ್ಷ ಇದೇ ಕುಟ್ಟಾಣಿಯಲ್ಲಿ ನಾನು ಇನ್ನೊಂದು ವಸ್ತುವನ್ನೂ ಜಜ್ಜುತ್ತಿದ್ದೆ. ನಿಮಗೆ ಹೇಳಿಬಿಡುತ್ತೇನೆ.

ಮಾಲುತಾಯಿ ನನ್ನ ನಾದಿನಿ, ನಮ್ಮ ಯಜಮಾನರ ಒಬ್ಬಳೇ ತಂಗಿ. ನಾನು ಸದಲಗಾಕ್ಕೆ ಸೊಸೆಯಾಗಿ ಬಂದಾಗ ಅವಳು ಒಂಬತ್ತನೆಯ ಇಯತ್ತೆಯಲ್ಲಿದ್ದಳು. ನನ್ನ ತವರು ಅಥಣಿ ಕಡೆ, ದ್ರಾಕ್ಷಿ ತೋಟದ ಮನೆ. ಎಮ್ಮೆಯನ್ನು ದೂರದಿಂದ ಮಾತ್ರ ಬಲ್ಲವಳು ನಾನು. ಇಲ್ಲಿ ಹಿಂಡಲು ಕುಳಿತ ಮೊದಲ ದಿನವೇ ಎಮ್ಮೆ ನನ್ನನ್ನೂ ಚೊಂಬನ್ನೂ ಒಂದೇ ಒದೆತದಲ್ಲಿ ಬೇರೆಬೇರೆ ದಿಕ್ಕಿಗೆ ಕಳಿಸಿತು. ಆ ಹುಡುಗಿ ನಕ್ಕೂ ನಕ್ಕೂ ಸುಸ್ತಾಗಿ, ಆಮೇಲೆ ನನ್ನ ಕೈಹಿಡಿದು ಕಲಿಸಿದಳು. ಎಮ್ಮೆಗಳನ್ನು ಬೈಯುವಾಗ ಮರಾಠಿ, ರಮಿಸುವಾಗ ಕನ್ನಡ. "ಯಾಕಬೇ ಹಿಂಗ?" ಎಂದು ಕೇಳಿದ್ದಕ್ಕೆ, "ಬೈದದ್ದು ಮನಸಿಗೆ ಹತ್ತಬಾರದಲ್ಲ ವೈನಿ" ಎಂದಿದ್ದಳು. ಅತ್ತಿಗೆಗೆ ಇಲ್ಲಿ ವೈನಿ ಎನ್ನುತ್ತಾರೆ.

ಇಪ್ಪತ್ತೆರಡು ವಯಸ್ಸಿನ ಸುಮಾರಿಗೆ ಅವಳು ಡೇರಿಗೆ ಹಾಲು ಒಯ್ಯುವುದನ್ನು ಬಿಟ್ಟಳು. ಸಾಲಿನಲ್ಲಿ ನಿಂತವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದಳು. ಸಾಲು ಇಲ್ಲದಾಗಲೂ ಮಾತು ಕೇಳಿಸುತ್ತದೆ ಎಂದಳು. ದೇವರು, ತಾಯತ ಎಲ್ಲ ಮುಗಿಸಿ ಕೊನೆಗೆ ಮಿರಜಿನ ಡಾಕ್ಟರರ ಬಳಿ ಹೋದೆವು. ಅವರು ಸ್ಕಿಜೋಫ್ರೇನಿಯಾ ಎಂದರು. ನಮ್ಮ ಮನೆಯಲ್ಲಿ ಆ ಶಬ್ದವನ್ನು ಸರಿಯಾಗಿ ಅನ್ನಲು ಬಂದದ್ದು ಮಾಲುವಿಗೆ ಮಾತ್ರ. ಗುಳಿಗೆ ತೆಗೆದುಕೊಂಡಳು, ಸುಧಾರಿಸಿದಳು. ಸುಧಾರಿಸಿದ ಮೇಲೆ ಗುಳಿಗೆ ಏಕೆ ಎಂದು ಬಿಟ್ಟಳು. ಮತ್ತೆ ಜೋರಾಯಿತು. ಹೀಗೆ ಹಲವು ವರ್ಷ ನಡೆದು, ಒಂದು ದಿನ ಇಡೀ ಪಟ್ಟಿಯನ್ನೇ ತಿಪ್ಪೆಗೆ ಎಸೆದು, "ಇನ್ನ ಮುಟ್ಟೂದಿಲ್ಲ" ಎಂದಳು.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಅಡುಗೆಯ ಬಗ್ಗೆ ನನಗೆ ಮೊದಲಿಂದಲೂ ತುಸು ಜಂಬ. ಗುಳಿಗೆಯನ್ನು ನುಣ್ಣಗೆ ಜಜ್ಜಿ ಅವಳ ತಾಟಿಗೆ ಬೆರೆಸತೊಡಗಿದೆ. ಹಾಲಿನಲ್ಲಿ ಕಹಿ ತೇಲುತ್ತದೆ, ಬೇಳೆಯಲ್ಲಿ ತಳಕ್ಕಿಳಿಯುತ್ತದೆ. ಕಡಲೆಹಿಟ್ಟಿನ ಝುಣಕವೇ ಸರಿ: ಧಾರಾಳ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಮೇಲೊಂದಿಷ್ಟು ಬಿಸಿ ಎಣ್ಣೆ. ಅದಾಗದ ದಿನ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಯಾರಿಗೂ ಹೇಳಲಿಲ್ಲ, ನಮ್ಮ ಯಜಮಾನರಿಗೂ. "ಗುಳಿಗಿ ತೊಗೊಳ್ತಾರೇನ್ರಿ?" ಎಂದು ಡಾಕ್ಟರು ಕೇಳಿದರೆ "ತೊಗೊಳ್ತಾಳ್ರಿ" ಎನ್ನುತ್ತಿದ್ದೆ. ಸುಳ್ಳೇನಲ್ಲವಲ್ಲ.

ಮಾಲು ಮಾತ್ರ ತುತ್ತು ಮುರಿದು ನನ್ನ ಮುಖ ನೋಡುತ್ತಿದ್ದಳು. "ವೈನಿ, ಇದರಾಗ ಏನರೆ ಹಾಕೀಯೇನ?"

"ಹುಚ್ಚಿ! ಏನ್ ಹಾಕ್ಲಿ? ಉಪ್ಪ, ಖಾರ."

ಅವಳು ಅದನ್ನು ಡಾಕ್ಟರರ ಮುಂದೆಯೂ ಹೇಳಿದಳು, ಊಟದಲ್ಲಿ ಏನೋ ಬೆರೆಸುತ್ತಾರೆ ಎಂದು. ಅವರಿಗೇನು ಗೊತ್ತು? ಶಂಕೆ ಇನ್ನೂ ಹೋಗಿಲ್ಲವೆಂದು ಗುಳಿಗೆ ಹೆಚ್ಚಿಸಿದರು. ಹೆಚ್ಚಿದ್ದನ್ನೂ ನಾನು ಝುಣಕದಲ್ಲೇ ಬೆರೆಸಿದೆ.

ಮುಂದೆ ನಾವು ಚಿಕ್ಕೋಡಿಯಲ್ಲೇ ತೋರಿಸತೊಡಗಿದೆವು. ಮೂರು ವರ್ಷದ ಹಿಂದೆ ಅಲ್ಲಿಗೆ ಒಂದು ಸಂಶೋಧನೆ ಬಂತು. ಬಹಳ ವರ್ಷ ಇಂಥ ಬೇನೆ ಇರುವವರಿಗೆ ಔಷಧದ ಜೊತೆ ಯಾರಾದರೂ ಮನೆಗೇ ಬಂದು ಕುಳಿತು ಮಾತಾಡಿ, ಕೆಲಸಕ್ಕೆ ಹಚ್ಚಿದರೆ ಹೆಚ್ಚು ಗುಣವಾಗುತ್ತದೆಯೇ ಎಂದು ನೋಡುವುದು. ಅರ್ಧ ಜನರಿಗೆ ಮನೆಭೇಟಿ, ಅರ್ಧ ಜನರಿಗೆ ಬರೀ ಎಂದಿನ ಔಷಧ. ಯಾರಿಗೆ ಯಾವುದೆಂದು ಕಂಪ್ಯೂಟರು ಚೀಟಿ ಎತ್ತಿದಂತೆ ಆರಿಸುತ್ತದೆ. ಇದನ್ನೆಲ್ಲ ಹೇಳಲು ಸ್ಕೂಟಿಯ ಮೇಲೆ ನಮ್ಮ ಮನೆಗೆ ಬಂದವಳು ರೇಖಾ, ರಾಯಬಾಗದ ಕಡೆಯ ಚುರುಕು ಹುಡುಗಿ.

"ನಮ್ಮನ್ನ ಆ ಚಲೋ ಗುಂಪಿನಾಗ ಹಾಕಿಬಿಡ್ರಿ" ಎಂದು ಗುಟ್ಟಾಗಿ ಕೇಳಿದೆ.

"ಯಾವುದು ಚಲೋ ಅಂತ ಗೊತ್ತಿದ್ದಿದ್ರ ಇಷ್ಟೆಲ್ಲಾ ಯಾಕ ಮಾಡ್ತಿದ್ವಿರಿ?" ಎಂದು ನಕ್ಕಳು.

ಒಪ್ಪಿಗೆಯ ಕಾಗದ ತೆಗೆದಾಗ ನಾನು ಪೆನ್ನಿಗೆ ಕೈಚಾಚಿದೆ. "ನಿಮ್ಮ ಸಹಿ ಆಮ್ಯಾಲರಿ. ಮೊದಲ ಅವರು ಓದಲಿ" ಎಂದು ರೇಖಾ ಮಾಲುವಿನ ಕೈಗೆ ಕೊಟ್ಟಳು. ಅವರು! ಮಾಲುವನ್ನು ಯಾರಾದರೂ 'ಅವರು' ಎಂದದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಅವಳು ಪಡಸಾಲೆಯ ಕಂಬಕ್ಕೆ ಒರಗಿ, ಬೆರಳಿಟ್ಟುಕೊಂಡು, ಪ್ರತಿ ಹಾಳೆಯನ್ನೂ ಓದಿದಳು. ನಡುವೆ ಒಮ್ಮೆ ತಲೆಯೆತ್ತಿ, "ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದು ಅಂತ ಬರದಾರ. ಖರೇ ಏನ್ರಿ?" ಎಂದಳು.

"ಖರೇನ್ರಿ ಅಕ್ಕಾರ. ಕಾರಣಾನೂ ಹೇಳಬೇಕಂತಿಲ್ಲ."

ಸಹಿ ಮಾಡಿದಳು. ಆಮೇಲೆ ಪ್ರಶ್ನೆಗಳು ಸುರುವಾದವು. ಪ್ರತಿ ಉತ್ತರಕ್ಕೂ ಒಂದು ಅಂಕ. ಬೇನೆ ಹೆಚ್ಚಿದ್ದರೆ ಹೆಚ್ಚು. ನಾನು ಪಕ್ಕದಲ್ಲೇ ಸೊಪ್ಪು ಸೋಸುತ್ತ ಕುಳಿತಿದ್ದೆ, ಮೆಂತ್ಯೆಯೋ ಏನೋ.

"ಯಾರರೆ ನಿಮಗ ಗೊತ್ತಿಲ್ಲದಂಗ ಊಟದಾಗ ಏನಾದ್ರೂ ಹಾಕ್ತಾರ ಅನಸ್ತೈತೇನ್ರಿ?"

"ಹೌದ್ರಿ."

"ಎಷ್ಟ ದಿವಸದಿಂದ?"

"ಆರು ವರ್ಸ ಆತ್ರಿ. ಝುಣಕದಾಗ. ಒಮ್ಮೊಮ್ಮಿ ಶೇಂಗಾ ಹಿಂಡ್ಯಾಗ. ಯಾರೂ ನಂಬೂದಿಲ್ಲ."

ರೇಖಾಳ ಪೆನ್ನು ದೊಡ್ಡ ಅಂಕದ ಕಡೆ ಸರಿಯಿತು. ನೋಡಿ, ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಆ ಪೆನ್ನು ಕಾಗದ ಮುಟ್ಟಿದರೆ ಮಾಲು ಆಡಿದ ನಿಜ ಹುಚ್ಚಿನ ಲೆಕ್ಕಕ್ಕೆ ಸೇರುತ್ತದೆ, ಅದೂ ನಾಲ್ಕು ಮಂದಿ ಓದುವ ಸಂಶೋಧನೆಯಲ್ಲಿ.

"ಬರೀಬ್ಯಾಡ್ರಿ," ಎಂದೆ. "ಅಕಿ ಖರೇನ ಹೇಳಾಕತ್ತಾಳ. ನಾನ ಹಾಕ್ತೀನಿ. ಗುಳಿಗಿ."

ರೇಖಾ ನನ್ನನ್ನು ನೋಡಿದಳು. ಮಾಲು ನೋಡಲಿಲ್ಲ. ನೆಲ ನೋಡುತ್ತ ನಿಧಾನವಾಗಿ, "ಅಂದ್ರ ಅದೊಂದು ಖರೇ ಇತ್ತು" ಎಂದಳು. ಎದ್ದು ಕೊಟ್ಟಿಗೆಗೆ ಹೋದಳು. ಅವಳು ಕೂಗಾಡಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

"ಭಾಳ ಮಂದಿ ಹಿಂಗ ಮಾಡ್ತಾರ್ರಿ, ಯಾರೂ ಹೇಳೂದಿಲ್ಲ" ಎಂದು ರೇಖಾ ಅಂಕದ ಜಾಗವನ್ನು ಖಾಲಿ ಬಿಟ್ಟಳು. ಡಾಕ್ಟರರಿಗೆ ತಿಳಿಸುವುದಾಗಿ ಹೇಳಿದಳು. ಗುಳಿಗೆ ಒಮ್ಮೆಲೇ ನಿಂತರೆ ಬೇನೆ ಕೆರಳಬಹುದು, ಎದುರಿಗೇ ಇಡಿ, ಒತ್ತಾಯ ಮಾಡಬೇಡಿ, ಏನಾದರೂ ಹೆಚ್ಚಾದರೆ ತಕ್ಷಣ ಕರೆತನ್ನಿ ಎಂದಳು.

ಅಂದಿನಿಂದ ಮಾಲು ನನ್ನ ಕೈಯಡುಗೆ ಮುಟ್ಟಲಿಲ್ಲ. ಕೊಟ್ಟಿಗೆಯ ಪಕ್ಕ ಮೂರು ಕಲ್ಲು ಹೂಡಿ ತಾನೇ ಜೋಳದ ಭಕ್ರಿ ಬಡಿದುಕೊಂಡಳು. ನಾನು ಹತ್ತಿರ ಸುಳಿದರೆ ತಾಟು ಮುಚ್ಚುತ್ತಿದ್ದಳು. ಕಿಟಕಿಯಲ್ಲಿಟ್ಟ ಗುಳಿಗೆ ಪಟ್ಟಿ ಹಾಗೇ ಇತ್ತು. ನಮ್ಮ ಯಜಮಾನರು ವಿಷಯ ಕೇಳಿ ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಎರಡು ಒಲೆಗೂ ಕಟ್ಟಿಗೆ ಒಡೆದು ಹಾಕಿದರು. ಹದಿನೆಂಟು ದಿನ ನಾನು ಝುಣಕ ಮಾಡಲಿಲ್ಲ. ಮಾಡಿದರೆ ಯಾರಿಗೆ ಬಡಿಸಲಿ?

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದೆ. ಮಾಲು ಎದುರಿಗೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ವೈನಿ. ಮತ್ತ ಮಾತಾಡಾಕತ್ತಾವ."

ಅಷ್ಟು ವರ್ಷ ಅವಳು ಹೀಗೆಂದಾಗೆಲ್ಲ ನಾನು "ಏನೂ ಇಲ್ಲ, ಸುಮ್ನಿರು" ಎಂದವಳು. ಅಂದು ಮೊದಲ ಬಾರಿಗೆ, "ಏನಂತಾವ?" ಎಂದು ಕೇಳಿದೆ.

"ನೀ ವಿಷ ಹಾಕ್ತಿದ್ದಿ ಅಂತಾವ. ವಿಷ ಅಲ್ಲ, ಗುಳಿಗಿ, ಅಕಿನ ಒಪ್ಪಿಕೊಂಡಾಳ ಅಂತ ನಾ ಹೇಳಿದೆ. ಕೇಳವಲ್ವು." ನನ್ನ ಕೈಯೊಳಗಿನ ಮೊರ ತೆಗೆದಿಟ್ಟು, "ನಡಿ, ಚಿಕ್ಕೋಡಿಗೆ ಹೋಗೂಣು" ಎಂದಳು.

ಜೋಳ ಹಾಗೇ ಬಿಟ್ಟು ಸಿಕ್ಕ ಬಸ್ಸು ಹತ್ತಿದೆವು. ಬಸ್ಸಿನುದ್ದಕ್ಕೂ ಅವಳು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ನಾನು ಅತ್ತಿತ್ತ ಅಲುಗಾಡದೆ ಕುಳಿತೆ.

ಡಾಕ್ಟರು ಈ ಸಲ ನನ್ನನ್ನು ಕೇಳಲಿಲ್ಲ. ಗುಳಿಗೆ ತೆಗೆದುಕೊಂಡರೆ ಏನಾಗುತ್ತದೆಂದು ಅವಳನ್ನೇ ಕೇಳಿದರು. "ಕೈ ನಡಗ್ತಾವ್ರಿ," ಎಂದಳು ಮಾಲು. "ಹಿಂಡಾಕ ಬರೂದಿಲ್ಲ. ಎಮ್ಮಿ ಒದೀತೈತಿ." ನಾನು ತಲೆ ತಗ್ಗಿಸಿದೆ. ಅವಳು ಹಿಂಡುವುದು ಬಿಟ್ಟದ್ದು ಆಲಸ್ಯದಿಂದ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಡಾಕ್ಟರು ಗುಳಿಗೆ ಬದಲಿಸಿದರು. "ಇದು ಬೇನಿ ಪೂರಾ ತಗೀತೈತೇನ್ರಿ?" ಎಂದಳು. "ಇಲ್ಲಮ್ಮ, ಸದ್ದು ಸಣ್ಣದು ಮಾಡುತ್ತದೆ. ಪೂರಾ ತೆಗೆಯುವುದನ್ನು ಇನ್ನೂ ಹುಡುಕುತ್ತಿದ್ದೇವೆ" ಎಂದರು. ಆ ಮಾತು ಅವಳಿಗೆ ಒಪ್ಪಿಗೆಯಾಯಿತು. ಕಡಿಮೆ ಹೇಳಿದ್ದಕ್ಕೇ ನಂಬಿದಳೋ ಏನೋ. ಅಂದಿನಿಂದ ಗುಳಿಗೆ ಅವಳ ಟ್ರಂಕಿನಲ್ಲಿ, ಕೀಲಿ ಅವಳ ಕೊರಳಿನಲ್ಲಿ.

ಕಂಪ್ಯೂಟರಿನ ಚೀಟಿಯಲ್ಲಿ ನಮಗೆ ಬಂದದ್ದು ಬರೀ ಔಷಧದ ಗುಂಪು. ಮನೆಭೇಟಿ ಇಲ್ಲ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮಾಲು, "ಯಾರರೆ ಆ ಗುಂಪಿನಾಗೂ ಇರಬೇಕಲ್ಲ" ಎಂದು ಹುಲ್ಲು ಹಾಕಲು ಹೋದಳು. ತಿಂಗಳುಗಳು ಕಳೆದಂತೆ ಕೈ ನಡುಕ ಇಳಿಯಿತು. ಒಂದು ದಿನ ಕೊಟ್ಟಿಗೆಯಿಂದ ಮರಾಠಿಯಲ್ಲಿ ಬೈಗುಳ ಕೇಳಿಸಿತು. ನಾನು ಒಲೆಯ ಮುಂದೆ ಒಬ್ಬಳೇ ಅತ್ತೆ. ಧ್ವನಿಗಳು ಪೂರಾ ಹೋಗಿಲ್ಲ. ಹಬ್ಬದ ಗದ್ದಲದಲ್ಲಿ, ನಿದ್ದೆಗೆಟ್ಟಾಗ ಬರುತ್ತವೆ. ಬಂದಾಗ ನನಗೆ ಹೇಳುತ್ತಾಳೆ, ಕೆಲವು ಸಲ ಹೇಳುವುದಿಲ್ಲ.

ವರ್ಷ ತುಂಬಿದಾಗ ರೇಖಾ ಮತ್ತೆ ಪ್ರಶ್ನೆಗಳನ್ನು ಹಿಡಿದು ಬಂದಳು. ಕಷ್ಟ ಬಂದರೆ ನಂಬಿ ಹೇಳಿಕೊಳ್ಳುವಂಥವರು ಯಾರ್ಯಾರು ಎಂದು ಕೇಳಿದಳು. ಮಾಲು ಅಣ್ಣನ ಹೆಸರು ಹೇಳಿದಳು, ಓಣಿಯ ಗೆಳತಿಯ ಹೆಸರು ಹೇಳಿದಳು. ನಾನು ಒಳಗಿನಿಂದ ಕಿವಿಯಾಗಿ ನಿಂತಿದ್ದೆ. ಕೊನೆಗೆ ಅವಳೆಂದಳು: "ವೈನಿ ಹೆಸರೂ ಬರೀರಿ. ಆದ್ರ ಪೆನ್ಸಿಲಿನಿಂದ ಬರೀರಿ."

ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಈ ಮನೆಯಲ್ಲಿ ಸಿಕ್ಕಿಲ್ಲ.

ಸಂಶೋಧನೆಯ ಫಲ ಏನು ಬಂತೆಂದು ನನಗಿನ್ನೂ ಗೊತ್ತಿಲ್ಲ. ಎಲ್ಲ ಊರುಗಳ ಲೆಕ್ಕ ಕೂಡಬೇಕಂತೆ. ಇವತ್ತು ಒಂಬತ್ತರ ಸುಮಾರಿಗೆ ರೇಖಾಳ ಫೋನು ಬಂತು. ಇನ್ನೊಂದು ಹೊಸ ಅಧ್ಯಯನ ಸುರುವಾಗುತ್ತದಂತೆ, ಯಾರಿಗೆ ಯಾವ ಔಷಧ ಒಗ್ಗುತ್ತದೆಂದು ರಕ್ತ ನೋಡಿ ತಿಳಿಯಬಹುದೇ ಎನ್ನುವುದು. ದೊಡ್ಡ ಊರಿಗೆ ಹೋಗಿ ಮೂರು ದಿನ ಇರಬೇಕು. ಒಳ್ಳೆಯ ಕೆಲಸ, ಹೋಗಲೇಬೇಕು ಎಂದು ನಾನು ಮನಸ್ಸಿನಲ್ಲೇ ಸೀರೆ ಮಡಚಿಟ್ಟಾಗಿತ್ತು. ಫೋನು ಹಿಡಿದೇ ಕೊಟ್ಟಿಗೆಗೆ ಹೋಗಿ ಹೇಳಿದೆ.

"ಮೂರು ದಿವಸ? ಒಲ್ಲೆ. ಎಮ್ಮಿ ಈಯೂದೈತಿ" ಎಂದಳು ಮಾಲು.

ನಾನು ಫೋನಿಗೆ, "ಅಕೀಗೆ ಸ್ವಲ್ಪ ಆರಾಮಿಲ್ಲ..." ಎಂದು ಸುರುಮಾಡಿದ್ದೆ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು.

"ಕೊಡಿಲ್ಲೆ. ನನ್ನ ಮಾತ ನಾ ಹೇಳ್ತೀನಿ." ಫೋನು ಕಿವಿಗಿಟ್ಟು, "ರೇಖಾ ಬಾಯಿ, ನನಗ ಆರಾಮೈತ್ರಿ. ಚಲೋ ಕೆಲಸ ಐತಿ, ಮಾಡ್ರಿ. ಈ ಸಲ ನಾ ಬರೂದಿಲ್ಲ. ಮುಂದ ಯಾವುದರೆ ಇದ್ರ ಮತ್ತ ಕೇಳ್ರಿ" ಎಂದಳು. ಫೋನನ್ನು ನನ್ನ ಕೈಗಿಟ್ಟು, ಎಮ್ಮೆಯ ಹೊಟ್ಟೆಗೆ ಅಂಗೈ ಹಚ್ಚಿ ನಿಂತಳು.

ಆ ಕಡೆಯಿಂದ ರೇಖಾ ಇನ್ನೂ "ಹಲೋ, ಹಲೋ, ವೈನಿಯವರ?" ಎನ್ನುತ್ತಿದ್ದಳು.

"ಅಕಿ ಹೇಳಿದ್ದು ಕೇಳಿಸ್ತಲ್ರಿ," ಎಂದೆ, "ಅಷ್ಟರಿ."