ಸವೆಯದ ಅರ್ಧ ಕಪ್

...ಅಥವಾ ಆ ಕೇಕು ಅಷ್ಟು ಚೆನ್ನಾಗಿ ಉಬ್ಬಿರಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಅದು ವರ್ಷ ವರ್ಷವೂ ಇನ್ನಷ್ಟು ಉಬ್ಬುತ್ತಿದೆ, ಸೋಡಾದ ಹಂಗಿಲ್ಲದೆ. ಇವತ್ತು ಡ್ರಾವರ್ ಒರೆಸುವಾಗ ಅಳತೆಯ ಕಪ್‌ಗಳು ಕೈಗೆ ಬಂದವು. ಕಾಲು ಕಪ್‌ನ ಅಂಕಿ ತೊಳೆದು ತೊಳೆದು ಅಳಿಸಿಹೋಗಿದೆ. ಅರ್ಧ ಕಪ್ ಮಾತ್ರ ಈಗಷ್ಟೇ ಅಂಗಡಿಯಿಂದ ತಂದಂತಿದೆ. ಕಪ್ ಸವೆದಿಲ್ಲವೆಂದು ಯಾರಾದರೂ ಬೇಸರಪಡುತ್ತಾರೆಯೇ, ನೀವೇ ಹೇಳಿ. ನಾನು ಪಟ್ಟೆ.

ಬ್ಯಾಂಕಿನವರು ನನ್ನನ್ನು ಸಂಭಾಜಿನಗರಕ್ಕೆ ವರ್ಗ ಮಾಡಿದಾಗ ಮಗಳಿನ್ನೂ ಚಿಕ್ಕವಳು. ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದ ಅಪ್ಪನ ಜೊತೆ ಅವಳು ಇಲ್ಲಿ, ಈ ಮನೆಯಲ್ಲೇ ಉಳಿದಳು; ನಾನು ವಾರಕ್ಕೊಮ್ಮೆ ಬರುವ ತಾಯಿಯಾದೆ. ಹೊರಡುವಾಗ, ಒಬ್ಬಳ ಅನ್ನದ ಅಳತೆಗೆಂದು ಅರ್ಧ ಕಪ್ ಎತ್ತಿಕೊಂಡು ಹೋಗಿದ್ದೆ. ಅಲ್ಲಿ ಒಂದು ದಿನವೂ ಅಕ್ಕಿ ಅಳೆಯಲಿಲ್ಲ, ಡಬ್ಬಾದ ಊಟ ತಿಂದೆ.

ಆ ದಿನಗಳಲ್ಲೇ ಅವಳಿಗೆ ಸಮಾನ ಭಿನ್ನರಾಶಿಗಳು ಗಂಟುಬಿದ್ದವು.

"ಒನ್‌ಗಿಂತ ಟೂ ದೊಡ್ಡದು, ಟೂಗಿಂತ ಫೋರ್ ದೊಡ್ಡದು. ಒನ್ ಬೈ ಟೂ, ಟೂ ಬೈ ಫೋರ್ ಸೇಮ್ ಹೆಂಗ ಆಗ್ತೈತಿ?"

ಇದ್ದ ಒಂದು ಭಾನುವಾರದಲ್ಲಿ ಪಾಠ ಹೇಳಲೋ ಮುದ್ದು ಮಾಡಲೋ ತಿಳಿಯದೆ ಎರಡನ್ನೂ ಒಂದೇ ಪಾತ್ರೆಗೆ ಸುರಿದೆ: ರವೆ ಕೇಕು. ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಸೀಟಿ ತೆಗೆದಿಟ್ಟೆ. ಸಕ್ಕರೆ ಅರ್ಧ ಕಪ್.

"ಅರ್ಧ ಕಪ್ ಎಲ್ಲೈತಿ?"

"ಸಂಭಾಜಿನಗರದಾಗ."

"ಅಂದ್ರ ಕೇಕ್ ಕ್ಯಾನ್ಸಲ್?"

"ಕಾಲು ಕಪ್ ಎರಡು ಸಲ ಹಾಕು."

"ಸಕ್ಕರಿ ಚಾಕುಲೆ ಸಮ ಮಾಡವಾ," ಎಂದು ಗಂಡ ಬಾಗಿಲಲ್ಲಿ ನಿಂತು ಕಾರ್ಖಾನೆಯ ದನಿ ತೆಗೆದರು. "ಹಿಂಗ ಗುಡ್ಡ ಏರಿಸಿದ್ರ ನಮ್ಮಲ್ಲಿ ವಿಮಾನ ಏಳೂದಿಲ್ಲ."

"ನಿಮ್ಮ ವಿಮಾನ ಇರ್ಲಿ ಬಿಡ್ರಿ, ಮೊದಲ ಕೇಕ್ ಏಳಲಿ," ಎಂದೆ.

ಒಂದು ಕಪ್ ಹಿಡಿಯುವ ಪಾತ್ರೆ ನಾಲ್ಕು ಕಾಲು ಕಪ್ಪಿಗೆ ತುಂಬಿತು, ಎರಡಕ್ಕೆ ಸಕ್ಕರೆ ಅದರ ಅರ್ಧಕ್ಕೆ ನಿಂತಿತು. ಅವಳು ಬಗ್ಗಿ ನೋಡಿ, "ಹೆಸರು ಬ್ಯಾರೆ, ಸಕ್ಕರಿ ಅಷ್ಟ!" ಅಂದಳು. ಅಥವಾ ನಾನೇ ಅಂದು, ಆಮೇಲೆ ಅವಳ ಬಾಯಿಗೆ ಹಾಕಿದೆನೋ. ಒಳ್ಳೆಯ ಮಾತುಗಳನ್ನು ಮಕ್ಕಳ ಹೆಸರಿಗೆ ಬರೆದುಬಿಡುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಪರೀಕ್ಷೆಯಲ್ಲಿ ಅವಳ ಭಿನ್ನರಾಶಿಗಳೆಲ್ಲ ಸರಿಯಾದವು. ನಾನಿಲ್ಲದ ದಿನಗಳಲ್ಲೂ ಅಪ್ಪ ಮಗಳು ಕೇಕು ಮಾಡುತ್ತಿದ್ದರು. ಬ್ಯಾಂಕಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮರಳಿ ವರ್ಗವಾದ ದಿನ ಅರ್ಧ ಕಪ್ಪನ್ನು, ಗೆದ್ದ ಕಪ್ಪಿನಂತೆ, ಅವಳ ಮುಂದಿಟ್ಟೆ. ನಾನಿಲ್ಲದ ಮನೆಯಲ್ಲಿ ಏನೋ ಒಂದು ಕಡಿಮೆಯಾಗಿತ್ತು ಎಂದು ಅವಳು ಹೇಳಬೇಕಿತ್ತು, ಅಷ್ಟೇ.

"ತಗೋ, ಇನ್ನ ಎರಡೆರಡು ಸಲ ಅಳಿಯೂದು ಬ್ಯಾಡ."

"ರಾಹೂ ದೇ ಮಮ್ಮಿ, ಇರ್ಲಿ. ಕಾಲು ಕಪ್ ಐತಲಾ. ಎರಡೂ ಸೇಮ್ ಅಂತ ನೀನ ಹೇಳಿದ್ದಿ."

ಪಾಠ ಇಷ್ಟು ಚೆನ್ನಾಗಿ ತಲೆಗೆ ಹೋಗಿದ್ದಕ್ಕೆ ಯಾವ ತಾಯಿಯಾದರೂ ಹಿಗ್ಗಬೇಕು.

ಈಗ ಅವಳು ನನಗಿಂತ ಎತ್ತರ. ಆ ಕೇಕು ಅವಳಿಗೆ ನೆನಪೇ ಇಲ್ಲವಂತೆ. ಈಗಷ್ಟೇ ರವೆಯ ಸಿಹಿ ಶಿರಾ ಮಾಡುತ್ತೇನೆಂದು ಬಂದು ಕಪ್ಪಿಗೆ ಕೈಚಾಚಿದಳು. ಮೊದಲಾಗಿದ್ದರೆ ಅರ್ಧ ಕಪ್ಪನ್ನೇ ಮುಂದೆ ಮಾಡುತ್ತಿದ್ದೆ. ಇವತ್ತು ಕಾಲು ಕಪ್ ಕೊಟ್ಟೆ. ಎರಡು ಸಲ ಅಳೆದು ಹಾಕಿದಳು. ಅದು ರೂಢಿಯೋ, ಸಿಟ್ಟೋ, ಬರೀ ಲೆಕ್ಕವೋ ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ.