ನೆಲಕ್ಕೆ ಬಿದ್ದ ಫೈಬ್ರಿನ್

ಆರ್.ಟಿ. ನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಒಬ್ಬ ಸಿಸ್ಟರ್ ಇದ್ದರು. ಹಲ್ಲು ಕಿತ್ತ ಗುಳಿ ಬೇಗ ಮಾಯಲೆಂದು ರೋಗಿಯ ರಕ್ತವನ್ನೇ ಯಂತ್ರದಲ್ಲಿ ಗರಗರ ತಿರುಗಿಸಿ, ಅದರಿಂದ ಫೈಬ್ರಿನ್ ಎಂಬ ಹಳದಿ ಲೋಳೆಯನ್ನು ತೆಗೆಯುವುದು ಅವರ ಕೆಲಸ. ಸೂಜಿ ಕಂಡರೆ ಬೆವರುವ, ಅಪಾರ್ಟ್‌ಮೆಂಟ್ ಕಟ್ಟಿಸುವ ಬಿಲ್ಡರುಗಳ ತೋಳನ್ನು ಬದನೆಕಾಯಿ ಆರಿಸುವವರಂತೆ ಒತ್ತಿ ನೋಡಿ, "ನಿಮ್ದೇ ರಕ್ತ, ನಿಮ್ಗೇ ಔಷ್ದಿ. ಎದ್ರಿಕೆ ಯಾಕೆ?" ಎನ್ನುತ್ತಿದ್ದರು. ನನಗೂ ಅದನ್ನೇ ಅಂದರು.

ನನ್ನ ದವಡೆಹಲ್ಲು ಕಿತ್ತ ದಿನ ಆ ಲೋಳೆ ಡಾಕ್ಟರ ಚಿಮುಟದಿಂದ ಜಾರಿ ನೆಲಕ್ಕೆ ಬಿತ್ತು. ನನ್ನ ಬಾಯಿಯ ಜೊತೆ ಕಣ್ಣುಗಳೂ ತೆರೆದಿವೆ ಎಂಬುದನ್ನು ಡಾಕ್ಟರು ಮರೆತಿದ್ದರು.

"ಸಲೈನಲ್ಲಿ ತೊಳೆದ್ರೆ ಆಗುತ್ತೆ, ಎತ್ಕೊಡಿ ಸಿಸ್ಟರ್," ಎಂದರು ಮೆಲ್ಲಗೆ.

ಸಿಸ್ಟರ್ ಬಗ್ಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು, ಜಿರಳೆಯನ್ನು ಹೊಸಕುವಂತೆ ಅದನ್ನು ಚಪ್ಪಲಿಯಲ್ಲಿ ಹೊಸಕಿದರು.

"ಅಯ್ಯೋ, ತುಳ್ದ್ಬಿಟ್ಟೆ ಸಾರ್. ಇನ್ನೊಂದ್ಸಲ ರಕ್ತ ತೆಗೀಬೇಕು."

ಡಾಕ್ಟರ ಕಿವಿ ಕೆಂಪಾಯಿತು. ನಾನು "ಆಆ" ಎಂದು ಒಪ್ಪಿಗೆ ಕೊಟ್ಟೆ. ಆಮೇಲೆ ಡಾಕ್ಟರೇ ಎದ್ದು ನನ್ನ ಇನ್ನೊಂದು ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಸಿಸ್ಟರಿಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತರು.