ಎರಡು ಊರು, ಎರಡು ವೀಳ್ಯ

ಎರಡು ಊರುಗಳನ್ನು ಒಂದೇ ಪ್ರಯಾಣದಲ್ಲಿ ನೋಡಬಾರದು. ನೋಡಿದರೆ ನೆನಪಿನಲ್ಲಿ ಅವು ಬೇರೆಬೇರೆಯಾಗಿ ನಿಲ್ಲುವುದಿಲ್ಲ. ಯಾರಾದರೂ ಪಿನಾಂಗ್ ಹೇಗಿತ್ತು ಎಂದು ಕೇಳಿದರೆ ನಾನು ಸಿಂಗಪುರದ ಮಳೆಯನ್ನು ವರ್ಣಿಸಿಬಿಡುತ್ತೇನೆ. ಸಿಂಗಪುರ ಹೇಗಿತ್ತು ಎಂದರೆ ಪಿನಾಂಗಿನ ಗುಡ್ಡವನ್ನು ತಂದು ಅಲ್ಲಿ ನಿಲ್ಲಿಸುತ್ತೇನೆ. ಕೇಳಿದವರಿಗೆ ಇದರಿಂದ ನಷ್ಟವಿಲ್ಲ, ಅವರು ಎರಡನ್ನೂ ನೋಡಿಲ್ಲ. ಆದರೆ ಹುಡುಗಿಯರಿಗೆ ಭೂಗೋಳ ಕಲಿಸಿ ಸಂಬಳ ತೆಗೆದುಕೊಳ್ಳುವವಳು ಹೀಗೆ ಮಾಡುವುದು ಸರಿಯಲ್ಲ. ಶಾಲೆಯ ಭೂಪಟದ ಮೇಲೆ ನನ್ನ ಕಿರುಬೆರಳಿಟ್ಟರೆ ಎರಡು ಊರೂ ಅದರಡಿ ಮುಚ್ಚಿಹೋಗುತ್ತವೆ. ನಾನು ಅವನ್ನು ಕಲಸಿಬಿಡುವುದಕ್ಕೆ ಇದೇ ಕಾರಣ ಎಂದು ಹೇಳಿಕೊಳ್ಳಬಹುದಿತ್ತು. ನಿಜವಾದ ಕಾರಣ ಬೇರೆ. ನಾನು ಊರು ನೋಡಲು ಹೋದವಳೇ ಅಲ್ಲ. ಇಬ್ಬರು ಗಂಡಸರಿಂದ ನನ್ನನ್ನು ಬಿಡಿಸಿಕೊಂಡು ಬರಲು ಹೋದವಳು.

ಗಾಬರಿಯಾಗಬೇಡಿ. ಇದು ಬಹಳ ಮರ್ಯಾದೆಯ ಸಂಗತಿ.

ನಮ್ಮದು ತಮಿಳು ಸೀಮೆಯ ಕಂಬಂ ಕಣಿವೆಯ ಕೊಂಬೈ, ಪಡುವಣ ಬೆಟ್ಟವು ಹಿತ್ತಲಿನ ಗೋಡೆಗೆ ಒರಗಿ ನಿಂತಂತೆ ಕಾಣುವ ಊರು. ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ದನ ಹೊಡೆದುಕೊಂಡು ಬಂದು ಇಲ್ಲಿ ನೆಲೆಸಿದ ಒಕ್ಕಲು ನಾವು. ಬೀದಿಯಲ್ಲಿ ತಮಿಳು, ಹೊಸ್ತಿಲ ಒಳಗೆ ಕನ್ನಡ. ಆ ಕನ್ನಡಕ್ಕೆ ಅಕ್ಷರಗಳೂ ಇವೆ ಎಂದು ನನಗೆ ತಿಳಿದದ್ದು ಮದರಾಸಿನ ಕಾಲೇಜಿನಲ್ಲಿ, ಬಳ್ಳಾರಿಯ ಸಹಪಾಠಿಯೊಬ್ಬಳಿಂದ. ಅವಳು ನನ್ನ ಮಾತು ಕೇಳಿ ಮೊದಲು ನಕ್ಕಳು, ಆಮೇಲೆ ಕಲಿಸಿದಳು. ಹೀಗಾಗಿ ನಾನು ಬರೆಯುವ ಕನ್ನಡ ಅವಳದು, ಆಡುವ ಕನ್ನಡ ಅವ್ವನದು. ಈ ಎರಡಕ್ಕೂ ನನ್ನೊಳಗೆ ಪರಿಚಯ ಅಷ್ಟಕ್ಕಷ್ಟೇ.

ತಂದೆಯವರು ಬೆಟ್ಟದ ಮೇಲಿನ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಅಲ್ಲಿಯ ದೊರೆಸಾನಿಯ ಮಾತು ಕೇಳಿ ನನ್ನನ್ನು ಓದಲು ಕಳಿಸಿದರು. ನಾನು ಪದವಿ ಪಡೆದು ಬರುವ ಹೊತ್ತಿಗೆ ಅದನ್ನು ನೋಡಲು ಅವರಿರಲಿಲ್ಲ. ದಿಂಡಿಗಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರವರು ನನಗೆ ಕೆಲಸ ಕೊಡುವುದಾಗಿ ಹೇಳಿದ್ದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವಾಗ ನಾನು ಅಲ್ಲಿರಬೇಕು. ಅಡ್ಡಿಯಾಗಿ ನಿಂತದ್ದು ಉರಿಮೆ.

ನಮ್ಮಲ್ಲಿ ಹೆಣ್ಣು ಹುಟ್ಟಿದ ಗಳಿಗೆಯಿಂದ ಅವಳ ಮೇಲೆ ಸೋದರಮಾವನ ಗಂಡುಮಕ್ಕಳಿಗೆ ಹಕ್ಕು. ಅದಕ್ಕೇ ಉರಿಮೆ ಎನ್ನುವುದು. ವಯಸ್ಸಿನ ಲೆಕ್ಕ ಇದಕ್ಕಿಲ್ಲ; ಹುಡುಗನಿಗೆ ಹಲ್ಲು ಬಂದಿರದಿದ್ದರೂ ಹಕ್ಕು ಬಂದಿರುತ್ತದೆ. ಹಕ್ಕುಳ್ಳವನು ಕೇಳಿದರೆ ಕೊಡಬೇಕು. ಅವನು ಕೇಳದೆ ಸುಮ್ಮನಿದ್ದರೂ ಹುಡುಗಿ ಕಟ್ಟಿಹಾಕಿದಂತೆಯೇ. ಬಿಡಿಸಿಕೊಳ್ಳುವ ದಾರಿ ಒಂದೇ: ಹುಡುಗಿಯ ಕಡೆಯವರು ತಮ್ಮ ತೋಟದ ವೀಳ್ಯದೆಲೆ, ಅಡಿಕೆಗಳನ್ನು ಅವನ ಕೈಗೆ ಕೊಡಬೇಕು; ಅವನು ಅದನ್ನು ಅವಳ ಕೈಗೆ ಮರಳಿಸಿ 'ಬಿಟ್ಟೆ' ಎನ್ನಬೇಕು. ಕೈಯಿಂದ ಕೈಗೆ. ನನ್ನ ಮಾವನ ಇಬ್ಬರು ಮಕ್ಕಳಲ್ಲಿ ದೊಡ್ಡವರು ಪಿನಾಂಗಿನಲ್ಲಿದ್ದರು, ಸಣ್ಣವನು ಸಿಂಗಪುರದಲ್ಲಿ.

ಅಂಚೆಯಲ್ಲಿ ಬರೆಸಿ ತರಿಸಬಹುದಲ್ಲ ಎಂದು ನಾನು ಊರ ಹಿರಿಯರ ಮುಂದೆ ಬಿನ್ನವಿಸಿಕೊಂಡೆ. ಸಮುದ್ರ ದಾಟುವುದಕ್ಕೆ ಅವರ ಆಕ್ಷೇಪಣೆಯೇ ಇರಲಿಲ್ಲ. ಆಕ್ಷೇಪಣೆಯೆಲ್ಲ ಕಾಗದದ ಮೇಲೆ. "ಕಾಯ್ದದಲ್ಲಿ ವೀಳ್ಯ ಬತ್ತದಾ ತಾಯಿ?" ಎಂದು ಹಿರಿಯ ಗೌಡರು ಕೇಳಿದರು. ಅವ್ವ ಇನ್ನೂ ಚುಟುಕಾಗಿ ಹೇಳಿದಳು: "ಎಲ್ಡು ವೀಳ್ಯ ತಕ್ಕಂಬಾ, ಆಮ್ಯಾಲೆ ಯಾವ್ ಪಳ್ಳಿಕೂಡಕ್ಕಾದ್ರೂ ಹೋಗು. ಒಂದ್ ಕಮ್ಮಿಯಾದ್ರೂ ಮಣೆ ಮ್ಯಾಲೆ ಕುಂತ್ಕ." ಪಳ್ಳಿಕೂಡವೆಂದರೆ ಶಾಲೆ. ಮಣೆ ಎಂದರೆ ಏನೆಂದು ನಿಮಗೆ ಗೊತ್ತು.

ಚಿಕ್ಕಪ್ಪನವರು ದಿಂಡಿಗಲ್ಲಿನ ಹೊಗೆಸೊಪ್ಪಿನ ವ್ಯಾಪಾರಿ. ಆ ಎರಡು ಊರುಗಳಿಗೂ ಅವರ ಚುಟ್ಟಾ ಹೋಗುತ್ತಿತ್ತು. "ಹೆಂಗೂ ಹೊಲ್ಟಿದ್ದೀನಿ, ಬಾ. ಚುಟ್ಟಾ ಪೆಟ್ಗೆ ಜತೆ ನೀನೂ ಒಂದು ಪೆಟ್ಗೆ" ಎಂದರು. ನನ್ನ ಮೊದಲ ವಿದೇಶ ಪ್ರಯಾಣಕ್ಕೆ ಸಿಕ್ಕ ಆಹ್ವಾನ ಇದು.

ಗಾಡಿಯಲ್ಲಿ ತೇನಿ ದಾಟಿ, ಪೆರಿಯಕುಳದ ಮಾವಿನ ತೋಪಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಆಮೇಲೆ ರೈಲು ಹಿಡಿದು, ನಾಗಪಟ್ಟಣದಲ್ಲಿ ಹಡಗು ಹತ್ತಿದೆವು. ನನ್ನ ಮಡಿಲಲ್ಲಿ ಬಾಳೆಯ ಪಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು. ಪ್ರತಿದಿನ ಅದನ್ನು ಬಿಚ್ಚಿ, ಮಗುಚಿ, ನೀರು ಚಿಮುಕಿಸಿ, ಮತ್ತೆ ಕಟ್ಟುವ ಜವಾಬ್ದಾರಿಯನ್ನು ಚಿಕ್ಕಪ್ಪನವರೇ ವಹಿಸಿಕೊಂಡರು. ಹೊಗೆಸೊಪ್ಪನ್ನು ಹದ ಮಾಡಿದ ಕೈಗೆ ಯಾವ ಸೊಪ್ಪಾದರೂ ಒಗ್ಗುತ್ತದೆ ಎಂಬುದು ಅವರ ನಂಬಿಕೆ. ಪದಾರ್ಥವಿಜ್ಞಾನ ಓದಿದ ನಾನೂ ಪಕ್ಕದಲ್ಲಿ ಕುಳಿತು ತಲೆಯಾಡಿಸಿದೆ. ಪಿನಾಂಗ್ ಕಾಣುವ ಹೊತ್ತಿಗೆ ಎಲೆಗಳು ಅಚ್ಚುಕಟ್ಟಾಗಿ ಚುಟ್ಟಾ ಬಣ್ಣಕ್ಕೆ ತಿರುಗಿದ್ದವು. ಚಿಕ್ಕಪ್ಪನವರ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಮೆಚ್ಚುಗೆಯಿತ್ತು.

ಹಡಗಿನಲ್ಲಿ ನಾನು ಯಾರ ಗುಂಪಿಗೂ ಸೇರಲಿಲ್ಲ. ಮೇಲಿನ ಕೋಣೆಗಳ ದೊರೆಸಾನಿಯರೊಡನೆ ಮಾತಾಡಲು ನನಗೆ ಭಾಷೆಯಿತ್ತು, ಟಿಕೆಟ್ಟು ಇರಲಿಲ್ಲ. ಕೆಳಗೆ ಚಾಪೆ ಹಾಸಿದ ಹೆಂಗಸರೊಡನೆ ಟಿಕೆಟ್ಟು ಒಂದೇ, ಮಾತು ಒಂದಾಗಲಿಲ್ಲ. ಅವರೆಲ್ಲ ಗಂಡಂದಿರ ಬಳಿಗೆ ಹೋಗುತ್ತಿದ್ದರು. "ನಿನ್ನ ಮನೆಯವರು ಯಾವ ಊರಲ್ಲಮ್ಮಾ?" ಎಂದು ತಮಿಳಿನಲ್ಲಿ ಕೇಳಿದರು. ಎರಡು ಊರಲ್ಲಿ ಎಂದು ಹೇಳುವಂತಿರಲಿಲ್ಲ. ನೆಂಟರ ಮನೆಗೆ ಎಂದೆ. ಅಂಥ ಉತ್ತರ ಕೊಟ್ಟವರನ್ನು ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಸಿಕ್ಕ ಮೇಲೆ ಮಾತ್ರ ಅದು ಅಷ್ಟು ಬೇಕಾಗಿರಲಿಲ್ಲವೇನೋ ಅನ್ನಿಸಿತು.

ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ. ಇದು ನನಗೆ ಹೋಗುವ ಮೊದಲೇ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಓದಿದ್ದಕ್ಕೂ ನನ್ನ ಮಡಿಲಿನ ಕಟ್ಟಿಗೂ ಸಂಬಂಧವಿರಬಹುದೆಂದು ಹೊಳೆದಿರಲಿಲ್ಲ, ಅಷ್ಟೆ. ದೊಡ್ಡ ಭಾವ ವೀರಣ್ಣನವರು ಕಟ್ಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಮಾವ, ಅಡ್ಕೆ ಊರ್ಗೆ ಅಡ್ಕೆ ಹೊತ್ಕಂಡ್ ಬಂದ್ರಾ? ಎಲೆ ಮಾತ್ರ ಸೇದಕ್ಕೆ ತಂದಂಗದೆ!"

ಆದರೆ ಅವರ ಹೆಂಡತಿ ಕಾಮಾಕ್ಷಿ ನಗಲಿಲ್ಲ. ಆಕೆ ಅಲ್ಲಿಯೇ ಹುಟ್ಟಿದ ತಮಿಳು ಹೆಂಗಸು. ಕೊಂಬೈಯಲ್ಲಿ ಯಾರಿಗೂ ಆಕೆಯ ವಿಷಯ ತಿಳಿದಿರಲಿಲ್ಲ. ನನಗೆ ಅನ್ನ ಬಡಿಸುವಾಗ ಮುಖ ನೋಡಲಿಲ್ಲ, ಸಾರು ಬೇಕೇ ಎಂದು ಕೇಳಲಿಲ್ಲ. ನಮ್ಮವರ ಉರಿಮೆಯ ವಿಷಯ ಆಕೆಗೆ ಯಾವಾಗಲೋ ಗಂಡನಿಂದ ತಿಳಿದಿತ್ತಂತೆ. ಹಕ್ಕಿನ ಹುಡುಗಿ, ಓದಿದವಳು, ಹಡಗು ಹತ್ತಿ, ವೀಳ್ಯ ಹಿಡಿದುಕೊಂಡು ಬಂದಿದ್ದಾಳೆ. ಆಕೆ ಇನ್ನೇನು ತಿಳಿಯಬೇಕು?

ಊಟವಾದ ಮೇಲೆ ಚಿಕ್ಕಪ್ಪನವರು ವಿಷಯ ಹೇಳಿದರು. ದೊಡ್ಡ ಭಾವ ಕಟ್ಟಿನಿಂದ ಒಂದು ಎಲೆ ತೆಗೆದುಕೊಂಡು, ಅಡಿಕೆ ಸೇರಿಸಿ ನನ್ನ ಕೈಗಿಟ್ಟು, "ಬುಟ್ಟೆ" ಎಂದರು. ಗಾಡಿಯವನಿಗೆ 'ಹೊರಡು' ಎನ್ನುವ ದನಿ. ಆ ಮಾತಿಗಾಗಿಯೇ ನಾನು ಕಡಲು ದಾಟಿದ್ದೆ. ಅದು ಮುಗಿದಾಗ ಅವರ ಬಾಯಿ ಇನ್ನೂ ಊಟದ ತಾಂಬೂಲವನ್ನೇ ಜಗಿಯುತ್ತಿತ್ತು.

ಕಾಮಾಕ್ಷಿ ಬಾಗಿಲ ಮರೆಯಿಂದ ಹೊರಗೆ ಬಂದಳು. "ತಂಗಚ್ಚಿ" ಎಂದು ನನ್ನ ಗಲ್ಲ ಹಿಡಿದಳು, ತಲೆ ಬಾಚಿದಳು, ಮಲ್ಲಿಗೆ ಮುಡಿಸಿದಳು, ಎರಡನೆಯ ಸಲ ಊಟಕ್ಕೆ ಕೂರಿಸಿದಳು. ಹೊರಡುವಾಗ ಆ ಊರಿನ ಹಸಿರು ಎಲೆಯ ದೊಡ್ಡ ಕಟ್ಟೊಂದನ್ನು ಕೊಟ್ಟಳು. ನನ್ನ ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಯಾರೂ ನನ್ನನ್ನು ಬೀಳ್ಕೊಟ್ಟಿಲ್ಲ. ನಾನು ಅವಳಿಗೆ ಕೊಟ್ಟದ್ದಾದರೂ ಏನು? ಬೇಡವಾದವಳಾದೆ, ಅಷ್ಟೆ.

ಸಿಂಗಪುರಕ್ಕೆ ಹೋಗುವ ಹಡಗಿನಲ್ಲಿ ಚಿಕ್ಕಪ್ಪನವರು ಹಸಿರು ಕಟ್ಟನ್ನು ತಟ್ಟಿ, "ಇದ್ರಲ್ಲೇ ಕೊಟ್ಟು ಮುಗ್ಸು. ಎಲೆ ಎಲೇನೇ" ಎಂದರು. ನಾನು ಒಪ್ಪಲಿಲ್ಲ. ನಿಯಮವೇ ತಪ್ಪು ಎಂದು ವಾದಿಸಿದವಳು ನಾನು. ನಿಯಮವನ್ನು ತಪ್ಪಾಗಿ ಪಾಲಿಸಲು ಒಪ್ಪದವಳೂ ನಾನೇ. ವಿದ್ಯೆಯಿಂದ ಮನುಷ್ಯರಿಗೆ ಇಂಥ ತೊಡಕುಗಳು ಬರುತ್ತವೆ. ಊರಿನ ಕಟ್ಟನ್ನು ಬಿಚ್ಚಿ ಹುಡುಕಿದೆ. ನಟ್ಟನಡುವೆ, ಚಿಕ್ಕಪ್ಪನವರ ಆರೈಕೆ ತಲುಪದ ಜಾಗದಲ್ಲಿ, ಒಂದು ಎಲೆ ಇನ್ನೂ ಹಸಿರಾಗಿತ್ತು.

ಸಿಂಗಪುರದಲ್ಲಿ ಮಳೆ. ದನದ ವ್ಯಾಪಾರಿಗಳೂ ಗಾಡಿಯವರೂ ಇರುವ ಬೀದಿಯಲ್ಲಿ ಸಣ್ಣ ಭಾವ ತಿಮ್ಮಣ್ಣ ಒಂದು ಜೊತೆ ಎತ್ತು ಇಟ್ಟುಕೊಂಡು ಗಾಡಿ ಹೊಡೆಯುತ್ತಿದ್ದ. ಚಿಕ್ಕಂದಿನಲ್ಲಿ ನಾನೂ ಅವನೂ ಒಂದೇ ಹುಣಿಸೆ ಮರದ ಎದುರುಬದುರು ಕೊಂಬೆಗಳನ್ನು ಹಂಚಿಕೊಂಡವರು. ಮನೆ ಯಾವುದೆಂದು ಬೀದಿಯಲ್ಲಿ ತಮಿಳಿನಲ್ಲಿ ಕೇಳುತ್ತ ಹೋಗುತ್ತಿದ್ದೆವು. ಆಗ ಒಂದು ಕೊಟ್ಟಿಗೆಯ ಹಿಂದಿನಿಂದ ದನಿ ಬಂತು:

"ತಿರುಗ್ಲಾ ಈಕಡೆ! ಕೊಬ್ಬು ಜಾಸ್ತಿಯಾಯ್ತಾ ನಿಂಗೆ? ನಿಮ್ಮವ್ವ ಬಂದು ಹೇಳ್ಬೇಕಾ?"

ನಾನು ನಿಂತುಬಿಟ್ಟೆ. ಚೀನದವರು, ಮಲಯದವರು, ಬಂಗಾಳದವರು, ನಮ್ಮ ತಮಿಳರು, ಇಷ್ಟೆಲ್ಲ ಜನರ ಮಾತು ಗಿಜಿಗುಡುವ ಆ ಊರಿನಲ್ಲಿ ಕೊಂಬೈಯ ಅಡುಗೆಮನೆಯ ಕನ್ನಡ, ಒಂದು ಎತ್ತನ್ನು ಬೈಯುತ್ತಿತ್ತು.

ಇಣುಕಿ ನೋಡಿದರೆ ತಿಮ್ಮಣ್ಣ. ನಮ್ಮನ್ನು ಕಂಡು ಕೈಯಲ್ಲಿದ್ದ ಹುಲ್ಲನ್ನು ಕೆಳಗಿಡುವುದನ್ನೂ ಮರೆತ. ಚಿಕ್ಕಪ್ಪನವರು ನಕ್ಕು, "ಎತ್ತಿನ್ ಹತ್ರ ನಮ್ ಮಾತಾಡ್ತೀಯೇನೋ?" ಎಂದರು.

"ಇನ್ಯಾರ್ ಹತ್ರ ಆಡ್ಲಿ ಮಾವ? ಈ ಊರಲ್ಲಿ ನಮ್ ಮಾತು ತಿಳಿಯೋದು ಇವೆಲ್ಡಕ್ಕೇ. ಅದೂ ನಾನೇ ಕಲ್ಸಿದ್ದು. ಎಡ್ಗಡೆದು ಪರ್ವಾಗಿಲ್ಲ, ತಲೆ ಆಡುಸ್ತದೆ. ಬಲ್ಗಡೆದು ಪಿಡಿವಾದ, ಬಲೇ ಹಟ."

ನಾವು ಬಂದ ಕಾರಣ ಹೇಳಿದೆವು. ಅವನು ಹಸಿರೆಲೆಯನ್ನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. "ನಮ್ಮೂರ್ದೇ" ಎಂದ. ಆಮೇಲೆ ನನ್ನತ್ತ ನೋಡದೆ, "ಇವತ್ತು ನನ್ ಹತ್ರ ಇರ್ಲಿ. ನಾಳಿಕ್ಕೆ ಕೊಡ್ತೀನಿ" ಎಂದ.

ಆ ಒಂದು ದಿನ ನಾನು ಸಿಂಗಪುರವನ್ನು ನೋಡಿದೆ ಎನ್ನಬಹುದು. ಸಾಲುಸಾಲು ಅಂಗಡಿಗಳ ಮುಂದಿನ ಕಮಾನುಗಳ ಕೆಳಗೆ ಮಳೆಗೆ ನೆನೆಯದೆ ನಡೆದೆ. ಬಂದರಿನಲ್ಲಿ ಲೆಕ್ಕವಿಲ್ಲದಷ್ಟು ಹಡಗುಗಳು. ಚಿಕ್ಕಪ್ಪನವರು ತೋರಿಸಿದ್ದನ್ನೆಲ್ಲ ನೋಡಿ ಹೂಂ ಎಂದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ. ಅವನು ಕೊಡುವುದಿಲ್ಲ ಎಂದರೆ ಶಾಲೆ ಹೋಯಿತು, ಓದಿದ್ದು ಹೋಯಿತು, ಉಳಿದ ಬದುಕೆಲ್ಲ ಈ ಮಳೆ, ಈ ಕೊಟ್ಟಿಗೆ. ಹಾಗೆ ಹೆದರಿ ಹೆದರಿ ಸಂಜೆಯ ಹೊತ್ತಿಗೆ ಒಂದು ವಿಚಿತ್ರವನ್ನು ಗಮನಿಸಿದೆ: ನನ್ನ ಹೆದರಿಕೆಯೊಳಗೆ ಆ ಕೊಟ್ಟಿಗೆಯ ಒಂದು ಮೂಲೆಯನ್ನು ಗುಡಿಸಿ, ಸಾರಿಸಿ, ದೀಪ ಇಟ್ಟಾಗಿತ್ತು. ಪದವಿಗೆ ಬೇಕಾದ ತರ್ಕಶಾಸ್ತ್ರದಲ್ಲಿ ಇದಕ್ಕೆ ಹೆಸರಿಲ್ಲ.

ಮಾರನೆಯ ದಿನ ಬೆಳಿಗ್ಗೆ ತಿಮ್ಮಣ್ಣ ಒಗೆದ ಬಟ್ಟೆ ಉಟ್ಟು ನಿಂತಿದ್ದ. ಎಲೆ ಅವನ ಅಂಗೈಯಲ್ಲಿ ಬೆಚ್ಚಗೆ ಬಾಡಿತ್ತು.

"ನಿಂಗೆ ಇದು ಬೇಕೇ ಬೇಕಾ?" ಎಂದ.

"ಬೇಕು, ಭಾವ."

"ಆ ಪಳ್ಳಿಕೂಡದಲ್ಲಿ ನಮ್ ಮಾತಾಡೋ ಮಕ್ಳು ಅವ್ರಾ?"

"ಇಲ್ಲ. ತಮಿಳು. ಮೇಲಿನವರ ಹತ್ತಿರ ಇಂಗ್ಲಿಷು."

ಅವನು ಎಲೆಯನ್ನು ನನ್ನ ಕೈಗಿಟ್ಟ. "ಬುಟ್ಟೆ" ಎಂದ. ದೊಡ್ಡ ಭಾವನ ಹಾಗಲ್ಲ, ತುಂಬಿದ ಕೊಡ ಇಳಿಸುವ ಹಾಗೆ. ಆಮೇಲೆ ನಗಲು ಯತ್ನಿಸಿ ಹೇಳಿದ: "ಹಂಗಾರೆ ನೀನೂ ಒಂದ್ ಎತ್ತು ಕಟ್ಕ."

ಊರಿಗೆ ಬಂದು ಎರಡು ಎಲೆಗಳನ್ನು ಹಿರಿಯರ ಮುಂದೆ ಇಟ್ಟೆ. ಆಗ ಎರಡೂ ಒಂದೇ ಬಣ್ಣಕ್ಕೆ ಬಂದಿದ್ದವು. ಯಾವುದು ಪಿನಾಂಗಿನದು, ಯಾವುದು ಸಿಂಗಪುರದ್ದು ಎಂದು ಯಾರೂ ಕೇಳಲಿಲ್ಲ. ಅವರೆಲ್ಲ ಎದ್ದುಹೋದ ಮೇಲೆ ಅವ್ವ ಒಲೆಯ ಮುಂದೆ ಕೂತು ಕೇಳಿದಳು: "ಇಬ್ರೂ ಕೊಟ್ರಾ?"

"ಕೊಟ್ಟರು."

"ಯಾರೂ ಆಗಲ್ಲ ಅನ್ಲಿಲ್ವಾ?"

"ಇಲ್ಲವ್ವ."

ಅವ್ವ ಸೌದೆಯನ್ನು ಒಳಗೆ ತಳ್ಳಿ, ಊದಿ, ಹೊಗೆ ಕಣ್ಣಿಗೆ ಬಂತೆಂದು ಸೆರಗಿನಿಂದ ಒರೆಸಿಕೊಂಡಳು. "ಒಬ್ನಾದ್ರೂ ಅನ್ಬೌದಾಗಿತ್ತು" ಎಂದಳು.

ಈ ವಿಷಯದಲ್ಲಿ ಅವ್ವನಿಗೂ ನನಗೂ ಅಭಿಪ್ರಾಯಭೇದವಿಲ್ಲ ಎಂದು ನಾನು ಇಲ್ಲಿಯವರೆಗೆ ಅವಳಿಗೆ ಹೇಳಿಲ್ಲ.

ಈಗ ನಾನು ದಿಂಡಿಗಲ್ಲಿನ ಬಂಡೆಯ ನೆರಳು ಬೀಳುವ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಇದು ಬೀಗಗಳಿಗೆ ಹೆಸರಾದ ಊರು. ಮನೆಯೊಡತಿ ನನ್ನ ಬಾಗಿಲಿಗೆ ಒಂದು ಮಗುವಿನಷ್ಟು ತೂಕದ ಬೀಗ ಕೊಟ್ಟಿದ್ದಾಳೆ. ಒಳಗೆ ಕದಿಯುವಂಥದ್ದು ಏನಿದೆ ಎಂದು ಕಳ್ಳನಿಗೂ ಕುತೂಹಲ ಹುಟ್ಟಬೇಕು. ಶಾಲೆ ಚೆನ್ನಾಗಿದೆ. ಮಕ್ಕಳು ನನಗೆ ಹೆದರುತ್ತಾರೆ, ಪಾಠವನ್ನೂ ಕಲಿಯುತ್ತಾರೆ. ನಾನು ಬೇಡಿ ಪಡೆದದ್ದು ಇದೇ, ಮತ್ತೆ ಕೇಳಿದರೂ ಇದನ್ನೇ ಬೇಡುತ್ತೇನೆ. ಆದರೆ ಸಂಜೆ ಬೀಗ ತೆಗೆದು ಒಳಗೆ ಬಂದಾಗ, ಹೊಸ್ತಿಲು ದಾಟಿದ ಕೂಡಲೇ, ಹಳೆಯ ಅಭ್ಯಾಸದಂತೆ ನಾಲಿಗೆ ತಮಿಳನ್ನು ಬಿಟ್ಟು ಕನ್ನಡಕ್ಕೆ ತಿರುಗುತ್ತದೆ. ತಿರುಗಿ, ಯಾರೂ ಇಲ್ಲದ್ದನ್ನು ನೋಡಿ, ಸುಮ್ಮನಾಗುತ್ತದೆ.

ತಿಮ್ಮಣ್ಣನ ಸಲಹೆಯನ್ನು ನಾನು ಗಂಭೀರವಾಗಿಯೇ ಪರಿಶೀಲಿಸಿದೆ. ಮನೆಯೊಡತಿ ಕೋಳಿಯನ್ನು ಸಾಕುವುದಕ್ಕೂ ಬಿಡುವುದಿಲ್ಲ, ಎತ್ತಿನ ಮಾತು ದೂರವೇ ಉಳಿಯಿತು. ಅದಕ್ಕೇ ಬಳ್ಳಾರಿಯ ಗೆಳತಿ ಕಲಿಸಿದ ಅಕ್ಷರಗಳಲ್ಲಿ ಹೀಗೆ ಬರೆಯಲು ಕುಳಿತಿದ್ದೇನೆ. ಓದುತ್ತಿರುವ ನೀವು ತಪ್ಪು ತಿಳಿಯಬಾರದು. ನಿಮ್ಮ ಮುಖ ನನಗೆ ಕಾಣುವುದಿಲ್ಲ, ನಿಮ್ಮ ಉತ್ತರವೂ ಕೇಳಿಸುವುದಿಲ್ಲ. ನೀವು ಎಡಗಡೆಯವರೋ ಬಲಗಡೆಯವರೋ ಅದೂ ತಿಳಿಯದು. ನಡುನಡುವೆ ಒಮ್ಮೆ ತಲೆಯಾಡಿಸಿದರೆ ಸಾಕು.